ಮಿಡತೆ ಕುಲದವರಿಗೆ ಬಡಿಸಿದ ಸಾರು

ಆರು ಮಕ್ಕಳನ್ನು ಹೆತ್ತು ದಡ ಸೇರಿಸಿದ ಹೆಂಗಸಿಗೆ ನಾಲ್ಕು ಮಿಡತೆ ಸಾಕುವುದೇನು ಮಹಾ! ನಮ್ಮವರು ಬದುಕಿದ್ದ ಕಡೆಯ ಸೋಮವಾರ ನಾನು ಇದೇ ಮಾತು ಹೇಳಿದೆ. ಸೊಂಟದ ಮೇಲೆ ಕೈಯಿಟ್ಟುಕೊಂಡು ಹೇಳಿದೆ.

ಅವರು ಹಿತ್ತಲಿನಲ್ಲಿ, ಬಲೆ ಮುಚ್ಚಿ ಮಿಡತೆ ಸಾಕಿದ ಪ್ಲಾಸ್ಟಿಕ್ ಬೇಸಿನ್ನುಗಳಿಗೆ ಹುಲ್ಲು ಹಾಕುತ್ತಿದ್ದರು.

"ಪರ್ಪೆತುವಾ, ನಾಳೆ ನಾನು ಕಂಪಾಲಾಗೆ ಹೋಗ್ತೀನಿ. ಇವಕ್ಕೆ ಹುಲ್ಲು ಹಾಕ್ತೀಯಾ?"

"ಹಾಕ್ತೀನಿ ಸೆಬೊ. ಜೋಗುಳಾನೂ ಹಾಡ್ಲಾ?"

"ಜೋಗುಳ ಬೇಡ. ಬಾಯಿ ಮುಚ್ಕೊಂಡಿದ್ರೆ ಸಾಕು. ಸೆಂಗಗೆ ಗೊತ್ತಾಗ್ಬಾರ್ದು."

ಸೆಬೊ ಅಂದರೆ ನಮ್ಮ ಕಡೆ ಗಂಡಸರಿಗೆ ಮರ್ಯಾದೆಯ ಮಾತು. ಸೆಂಗ ಅಂದರೆ ಅವರ ಅಕ್ಕ ಫೆಬ್ರೋನಿಯಾ. ಮಕ್ಕಳಿಗೆ ಸೋದರತ್ತೆ, ನನಗೆ ಪೊಲೀಸು.

ನಮ್ಮವರು, ಅಲೋಯಿಸ್, ಎಂಟೆಬ್ಬೆಯಲ್ಲಿ ಒಬ್ಬ ಬಿಳಿ ಹೆಂಗಸಿನ ತೋಟದ ಮಾಲಿ. ಆಕೆ ತನ್ನ ದೇಶಕ್ಕೆ ಹೋಗುವಾಗ ಇಸ್ತ್ರಿ ಪೆಟ್ಟಿಗೆ ಕೊಡುತ್ತಾಳೆ, ಕುರ್ಚಿ ಕೊಡುತ್ತಾಳೆ ಎಂದು ನಾನು ಬಾಗಿಲಲ್ಲಿ ಕಾದೆ. ಕೊಟ್ಟದ್ದು ಎರಡು ಗೋಸುಂಬೆ! ನಮ್ಮ ಕಡೆ ಹಾವು ಬಂದರೆ ಜನ ಕೋಲು ಹುಡುಕುತ್ತಾರೆ. ಗೋಸುಂಬೆ ಬಂದರೆ ದಾರಿ ಹುಡುಕುತ್ತಾರೆ! ಇವರು ಅವನ್ನು ಭುಜದ ಮೇಲೆ ಕೂರಿಸಿಕೊಂಡು ಮನೆಗೆ ಬಂದರು. ಆ ದಿನದಿಂದ ನಮ್ಮ ಮನೆಗೆ ಸಕ್ಕರೆ ಕೇಳಲು ಒಬ್ಬರೂ ಬರಲಿಲ್ಲ.

ಗೋಸುಂಬೆಗೆ ಜೀವಂತ ಹುಳವೇ ಆಗಬೇಕು. ನವೆಂಬರ್ ಮಳೆಯಲ್ಲಿ ದೀಪಕ್ಕೆ ಮುತ್ತುವ ಎನ್ಸೆನೆನೆ, ಆ ಹಸಿರು ಮಿಡತೆ, ಅದನ್ನು ಹಿಡಿದು ಸಾಕಿದರು. ಅವು ಮೊಟ್ಟೆಯಿಟ್ಟು, ಮರಿಗಳು ಮೊಟ್ಟೆಯಿಟ್ಟು, ಐದು ಬೇಸಿನ್ನು ತುಂಬಿತು. ಊರೆಲ್ಲ ಎನ್ಸೆನೆನೆಯನ್ನು ಈರುಳ್ಳಿ ಹಾಕಿ ಹುರಿದು ತಿನ್ನುತ್ತದೆ. ನಾನು ಕಾಡೆಮ್ಮೆ ಕುಲದವಳು, ನಾನೂ ತಿನ್ನುತ್ತೇನೆ. ಆದರೆ ನಮ್ಮವರದ್ದು ಮಿಡತೆ ಕುಲ. ಅವರಿಗೆ ಎನ್ಸೆನೆನೆ ಅಂದರೆ ಒಡಹುಟ್ಟು. ಕೊಲ್ಲಬಾರದು, ತಿನ್ನಬಾರದು. ತಿಂದರೆ ಹಲ್ಲು ಉದುರುತ್ತದೆ ಅನ್ನುತ್ತಾರೆ.

"ಹಾಗಾದ್ರೆ ಗೋಸುಂಬೆಗೆ ಯಾಕೆ ಹಾಕ್ತೀರಿ?" ಎಂದು ಕೇಳಿದ್ದೆ.

"ನಾನೇನು ತಿಂತೀನಾ? ಗೋಸುಂಬೆ ತಿನ್ನುತ್ತೆ. ಅದು ನಮ್ಮ ಕುಲ ಅಲ್ಲ!"

ವಕೀಲರಾಗಬೇಕಿತ್ತು. ಮಾಲಿಯಾದರು.

ಮಂಗಳವಾರ ಕಂಪಾಲಾದ ಟ್ಯಾಕ್ಸಿ ನಿಲ್ದಾಣದಲ್ಲಿ ಎದೆ ಹಿಡಿದುಕೊಂಡು ಕುಸಿದರು. ಮನೆಗೆ ಬಂದದ್ದು ಹೆಣ. ಅದರ ಬಗ್ಗೆ ಇಷ್ಟೇ ಬರೆಯಬಲ್ಲೆ.

ಮೂರು ತಿಂಗಳು ಮಿಡತೆಗೆ ಹುಲ್ಲು ಹಾಕಿದೆ. ಅಳುತ್ತಾ ಹಾಕಿದೆ, ಬೈಯುತ್ತಾ ಹಾಕಿದೆ. ಆಮೇಲೆ ಉತ್ತರಕ್ರಿಯೆಯ ದಿನ ನಿಶ್ಚಯವಾಯಿತು. ಕುಲದವರೆಲ್ಲ ಬರುತ್ತಾರೆ. ಹಿರಿಯ ಮಗ ಮಥಿಯಾಸನಿಗೆ ಮರದ ತೊಗಟೆಯ ಬಟ್ಟೆ ಹೊದಿಸಿ ಅಪ್ಪನ ಜಾಗದಲ್ಲಿ ನಿಲ್ಲಿಸುತ್ತಾರೆ. ಕುಲದ ಹಿರಿಯ ಜಾಜಾ ಲಾಝಾರೊ, ಎಲ್ಲರಿಗೂ ಅಜ್ಜ, ಎದ್ದು, ಅಲೋಯಿಸ್ ಕುಲದ ಮಾನ ಕಾಪಾಡಿದ ಮನುಷ್ಯ ಎಂದು ಎಲ್ಲರ ಮುಂದೆ ಹೇಳುತ್ತಾರೆ. ಆಗ ಸೆಂಗ ಹಿತ್ತಲಿಗೆ ಹೋಗಿ ಬೇಸಿನ್ನಿನ ಬಲೆ ಎತ್ತಿದರೆ? ಒಡಹುಟ್ಟಿದವರನ್ನು ಗೋಸುಂಬೆಗೆ ಉಣಿಸಿದವನು! ಸತ್ತವರನ್ನು ಇನ್ನೊಂದು ಸಲ ಸಾಯಿಸಿದ ಹಾಗೆ. ನನ್ನ ಗಂಡನ ಹೆಸರಿಗೆ ಮಸಿ ಹತ್ತಬಾರದು, ನಾನಿದ್ದೇನೆ ಎಂದುಕೊಂಡೆ.

ಹಾರಿಬಿಡಬಹುದಿತ್ತು. ಆದರೆ ಬಿಟ್ಟ ಮಿಡತೆ ಸಂಜೆ ಮನೆಯ ದೀಪಕ್ಕೇ ವಾಪಸು ಬರುತ್ತದೆ, ಬಂದು ನೆಂಟರ ತಲೆಯ ಮೇಲೆ ಕೂರುತ್ತದೆ. ಉತ್ತರಕ್ರಿಯೆಯ ಹಿಂದಿನ ದಿನ ಬೆಳಿಗ್ಗೆ ಐದು ಬೇಸಿನ್ನನ್ನೂ ಬಾಣಲೆಗೆ ಬಗ್ಗಿಸಿದೆ. ಹುರಿದೆ. ಒರಳಲ್ಲಿ ಕುಟ್ಟಿ ಪುಡಿ ಮಾಡಿದೆ. ಆಮೇಲೆ ಕೋಳಿಗೆ ಹಾಕಿದರಾಯಿತು ಎಂದು ಡಬ್ಬಕ್ಕೆ ತುಂಬಿ ಒಲೆಯ ಹಿಂದೆ ಬಚ್ಚಿಟ್ಟೆ. ಗೋಸುಂಬೆ ಗೂಡನ್ನು ಮಂಚದ ಕೆಳಗೆ ತಳ್ಳಿದೆ. ಇಲಿಯ ಮೇಲಿನ ಕೋಪಕ್ಕೆ ಮನೆಗೆ ಬೆಂಕಿ ಇಟ್ಟವರೂ ಹೀಗೇ ಕೈ ಕೊಡವಿಕೊಂಡಿರಬೇಕು!

ಗಂಡನ ಉತ್ತರಕ್ರಿಯೆಯಲ್ಲಿ ಹೆಂಡತಿ ಒಲೆ ಮುಟ್ಟುವ ಹಾಗಿಲ್ಲ. ನಾನು ಚಾಪೆಯ ಮೇಲೆ ಕೂತೆ. ಅಡುಗೆಯ ಯಜಮಾನಿಕೆ ಪಕ್ಕದ ಮನೆಯ ನಾಲೊಂಗೊಳದ್ದು. ಅವಳಿ ಹೆತ್ತವಳು, ಇಬ್ಬರ ಸದ್ದು ಒಬ್ಬಳೇ ಮಾಡುತ್ತಾಳೆ. ಬಾಳೆ ಎಲೆಯಲ್ಲಿ ಬೇಯಿಸಿದ ಬಾಳೆಕಾಯಿಯ ಮಟೋಕೆ ಬಂತು, ಕಡಲೆಕಾಯಿ ಸಾರು ಬಂತು. ಎಂಬತ್ತು ಜನ ಊಟಕ್ಕೆ ಕೂತರು.

ಜಾಜಾ ಲಾಝಾರೊ ಬೆರಳು ನೆಕ್ಕಿದರು.

"ಯಾರಮ್ಮ ಈ ಸಾರು ಮಾಡಿದ್ದು? ನನ್ನ ಜನ್ಮದಲ್ಲಿ ಇಂಥ ರುಚಿ ಕಂಡಿಲ್ಲ!"

"ನಾನೇ ಜಾಜಾ!" ನಾಲೊಂಗೊ ಉಬ್ಬಿದಳು. "ಕಡಲೆಕಾಯಿ ಪುಡಿ ಸಾಲ್ಲಿಲ್ಲ. ಪುಣ್ಯಕ್ಕೆ ಪರ್ಪೆತುವಾ ಬಚ್ಚಿಟ್ಟಿದ್ದ ಡಬ್ಬ ಸಿಕ್ತು. ಎಂಥಾ ಜಿಪುಣಿ ನೋಡಿ, ಒಲೆ ಹಿಂದೆ ಇಟ್ಟಿದ್ಲು!"

ಸೆಂಗ ಫೆಬ್ರೋನಿಯಾ ಮೂರನೆಯ ಸಲ ತಟ್ಟೆ ಚಾಚಿದರು.

"ಸಾಕು ನ್ಯಾಬೊ," ಎಂದು ಮರ್ಯಾದೆಯಿಂದಲೇ ಹೇಳಿದೆ. "ಹೊಟ್ಟೆ ಕೆಡುತ್ತೆ."

"ನನ್ನ ತಮ್ಮ ಸತ್ತ ಮನೇಲಿ ನನ್ನ ಊಟಕ್ಕೆ ಕಲ್ಲು ಹಾಕ್ತೀಯಾ? ಬಡಿಸೇ ನಾಲೊಂಗೊ!"

ಬಡಿಸಿದಳು. ಇಡೀ ಮಿಡತೆ ಕುಲ ತನ್ನ ಒಡಹುಟ್ಟನ್ನು ಸೊರ್ ಎಂದು ಹೀರಿತು. ನಾನು ತಟ್ಟೆಗಳನ್ನು ಎಣಿಸುತ್ತಾ ಕೂತೆ. ಇನ್ನೊಂದು ಹತ್ತು ನಿಮಿಷ. ತಟ್ಟೆ ಖಾಲಿಯಾದರೆ ಗುಟ್ಟೂ ಖಾಲಿ!

ಆಗ ಮಥಿಯಾಸ ಹಲ್ಲಿನ ಸಂದಿಯಿಂದ ಏನೋ ಎಳೆದ. ತೆಳ್ಳಗೆ, ಗರಗಸದಂಥ ಮುಳ್ಳು, ನಡುವೆ ಮಡಚಿಕೊಂಡಿತ್ತು. ಜಾಜಾ ಅದನ್ನು ಇಸಿದುಕೊಂಡು ಬೆಳಕಿಗೆ ಹಿಡಿದರು.

"ಕಡಲೆಕಾಯಿಗೆ ಮೊಣಕಾಲು ಯಾವಾಗ ಬಂತು?"

ನಾನು ಮಂಡಿಯೂರಿದೆ.

"ತಪ್ಪಾಯ್ತು ಜಾಜಾ. ಅದು ಎನ್ಸೆನೆನೆ. ನಾನೇ ಸಾಕಿದ್ದು, ನಾನೇ ಹುರಿದದ್ದು. ಅಲೋಯಿಸ್‌ಗೆ ಏನೇನೂ ಗೊತ್ತಿರ್ಲಿಲ್ಲ."

"ನೀನು ಯಾಕಮ್ಮ ಸಾಕಿದೆ?"

"ಸುಮ್ನೆ. ಹೊತ್ತು ಹೋಗ್ಲಿ ಅಂತ."

ಅಷ್ಟು ಹೇಳುವುದಕ್ಕೂ ಕೋಣೆಯ ಪರದೆ ಅಲುಗುವುದಕ್ಕೂ ಸರಿಹೋಯಿತು. ಗೂಡಿನಿಂದ ತಪ್ಪಿಸಿಕೊಂಡ ಗೋಸುಂಬೆಯೊಂದು ಒಂದು ಕಾಲು ಎತ್ತಿ, ಯೋಚಿಸಿ, ಇಟ್ಟು, ಇನ್ನೊಂದು ಕಾಲು ಎತ್ತಿ, ಸಾವಕಾಶವಾಗಿ ಹೊರಗೆ ಬಂತು. ಎಂಬತ್ತು ಜನರಲ್ಲಿ ಅದೊಂದೇ ಸಾವಕಾಶ! ಉಳಿದವರು ಬಾಗಿಲಿಂದ ಹೋದರು, ಕಿಟಕಿಯಿಂದ ಹೋದರು. ಮಥಿಯಾಸ ಅಪ್ಪನ ಜಾಗ ಬಿಟ್ಟು ಬಾಳೆತೋಟ ಸೇರಿದ. ಸೆಂಗ ಮೇಜಿನ ಮೇಲೆ ನಿಂತು ಒಂದು ಕೈಯಲ್ಲಿ ಬಟ್ಟೆ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಹಲ್ಲುಗಳನ್ನು ಒಂದೊಂದಾಗಿ ಅಲುಗಿಸಿ ನೋಡುತ್ತಿದ್ದರು.

"ನನ್ನ ಹಲ್ಲು! ಜಾಜಾ, ನಮ್ಮ ಹಲ್ಲು!"

"ನೀನು ಅಲುಗಿಸ್ಕೋ ಫೆಬ್ರೋನಿಯಾ. ನನಗೆ ಆ ಯೋಚನೆ ಇಲ್ಲ," ಎಂದು ಜಾಜಾ ಬಾಯಿ ಅಗಲಿಸಿ ತೋರಿಸಿದರು. ಒಂದೂ ಇರಲಿಲ್ಲ.

ಮೊಣಕಾಲು ಹಿಡಿಯದೆ ಏಳಲಾಗದ ಮುದುಕ, ಕೂತಲ್ಲೇ ಕೂತು ನನ್ನನ್ನು ಹತ್ತಿರ ಕರೆದರು. ದನಿ ತಗ್ಗಿಸಿದರು.

"ಮಗಳೇ, ಯಾಕೆ ಸುಳ್ಳು ಹೇಳಿದೆ?"

"ಅವರ ಹೆಸರು ಕೆಡಬಾರದು ಅಂತ."

"ಕಳೆದ ವರ್ಷವೇ ಅಲೋಯಿಸ್ ನನ್ನ ಹತ್ರ ಬಂದು ಎಲ್ಲಾ ಹೇಳಿದ್ದ. ಇದೇ ಥರ ಮಂಡಿಯೂರಿ. ನಂಬಿ ಕೊಟ್ಟ ಪ್ರಾಣಿ ಜಾಜಾ, ಉಪವಾಸ ಹೇಗೆ ಕೆಡವಲಿ ಅಂದ. ಮಿಡತೆ ಹಾಕು, ಆದರೆ ಹಾಕುವಾಗೆಲ್ಲ ಅವುಗಳ ಹತ್ರ ಕ್ಷಮೆ ಕೇಳು ಅಂದೆ. ನಿಮ್ಮಕ್ಕನಿಗೆ ಮಾತ್ರ ಹೇಳಬೇಡ, ಅವಳಿಗೆ ಹೇಳಿದ್ರೆ ರೇಡಿಯೊದಲ್ಲಿ ಹೇಳಿದ ಹಾಗೆ ಅಂದಿದ್ದೆ."

ನನಗೆ ಭೂಮಿ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ನನ್ನ ಗಂಡನ ಹೆಸರಿಗೆ ಏನೂ ಆಗಿರಲಿಲ್ಲ. ಅವರು ದಿನಕ್ಕೆ ಆರು ಮಿಡತೆ ಕೊಂದು ಆರು ಸಲ ಕ್ಷಮೆ ಕೇಳಿದವರು. ನಾನು ಒಂದೇ ಬೆಳಿಗ್ಗೆ ಐದು ಬೇಸಿನ್ನು ಹುರಿದು, ಎಂಬತ್ತು ಜನಕ್ಕೆ ಉಣಿಸಿ, ಮೇಲೆ ಸತ್ತವರ ದಿನದಲ್ಲೇ ಸುಳ್ಳು ಬೇರೆ ಹೇಳಿದವಳು!

"ಏನು ದಂಡ ಹಾಕ್ತೀರೋ ಹಾಕಿ ಜಾಜಾ."

ಜಾಜಾ ಗೋಸುಂಬೆಯನ್ನು ನೋಡಿದರು. ಅದಿನ್ನೂ ಚಾಪೆಯ ಅರ್ಧಕ್ಕೆ ಬಂದಿತ್ತು.

"ಅವನು ಒಪ್ಪಿಕೊಂಡ ಪ್ರಾಣಿ ಸಾಯಬಾರದು. ನೀನೇ ಸಾಕು. ಆದರೆ ನಮ್ಮವರನ್ನ ಇನ್ನು ನಿನ್ನ ಕೈಗೆ ಕೊಡಲ್ಲ! ಜಿರಳೆ ಸಾಕು. ಜಿರಳೆ ಯಾವ ಕುಲದ್ದೂ ಅಲ್ಲ."

ಹಾಗಾಗಿ ಈಗ ದಿನಾ ಬೆಳಿಗ್ಗೆ, ಒಲೆ ಹಚ್ಚುವ ಮೊದಲು, ಬೇಸಿನ್ನಿನ ಬಲೆ ಸರಿಸುತ್ತೇನೆ. ಹಳೆಯ ಪಪ್ಪಾಯಿ ಸಿಪ್ಪೆ ತೆಗೆದು ಹೊಸದು ಹಾಕುತ್ತೇನೆ. ಆರು ಜಿರಳೆ ಹಿಡಿಯುತ್ತೇನೆ. ಅದರಲ್ಲೊಂದು ಬಟ್ಟೆಯ ತೋಳಿನೊಳಗೆ ನುಗ್ಗಿಯೇ ನುಗ್ಗುತ್ತದೆ. ಕಿರುಚುವುದಿಲ್ಲ, ಕಿರುಚಿದರೆ ನಾಲೊಂಗೊ ಬರುತ್ತಾಳೆ. ಗೋಸುಂಬೆಗಳು ಕಾದಿರುತ್ತವೆ. ಒಂದು ಕಣ್ಣು ಜಿರಳೆಯ ಮೇಲೆ, ಇನ್ನೊಂದು ನನ್ನ ಮೇಲೆ. ಆ ಇನ್ನೊಂದು ಕಣ್ಣನ್ನು ನೋಡದೆ ಗೂಡಿನೊಳಗೆ ಕೈ ಹಾಕುತ್ತೇನೆ.