ಹಬ್ಬದ ದಿನ ನೀರು ಕೇಳಿದವಳು

ಸರಳಾಳ ಕಷ್ಟವೆಲ್ಲ ಶುರುವಾದದ್ದು ಒಂದು ಲೋಟ ನೀರಿನಿಂದ. ವರಮಹಾಲಕ್ಷ್ಮಿ ಹಬ್ಬದ ಮಧ್ಯಾಹ್ನ, ಹಳೇ ಜಕ್ಕೂರಿನ ಅವಳ ಮನೆಯ ಗೇಟಿನ ಹತ್ತಿರ ಗುರುತಿಲ್ಲದ ಹೆಂಗಸೊಬ್ಬಳು ನಿಂತು, "ಅಕ್ಕಾ, ಒಸಿ ನೀರ್ ಕೊಡ್ತೀರಾ?" ಎಂದು ಕೇಳಿದಳು. ಕೆನ್ನೆಗೆ ಅರಿಶಿನ, ಹಣೆಗೆ ಕಾಸಗಲ ಕುಂಕುಮ, ಕಂಕುಳಲ್ಲೊಂದು ಬ್ಯಾಗು.

ಬೇರೆ ದಿನವಾಗಿದ್ದರೆ ಸರಳಾ ಗೇಟಿನಿಂದಲೇ ಬಾಟ್ಲಿ ದಾಟಿಸುತ್ತಿದ್ದಳು. ಹಬ್ಬದ ದಿನ ಬಂದ ಮುತ್ತೈದೆಯನ್ನು ಹೊರಗೆ ನಿಲ್ಲಿಸುವುದುಂಟೇ? ಲಕ್ಷ್ಮಿ ಯಾವ ರೂಪದಲ್ಲಿ ಬರುತ್ತಾಳೋ ಬಲ್ಲವರಾರು ಎಂದು ಅತ್ತೆ ವರಲಕ್ಷ್ಮಮ್ಮ ಬೆಳಿಗ್ಗೆಯಿಂದ ಹತ್ತು ಸಲ ಹೇಳಿದ್ದರು. ಕಳ್ಳಿಯರು ಯಾವ ರೂಪದಲ್ಲಿ ಬರುತ್ತಾರೋ ಬಲ್ಲವರಾರು ಎಂದು ಬೀದಿಯ ವಾಟ್ಸಾಪ್ ಗ್ರೂಪು ಇಪ್ಪತ್ತು ಸಲ ಹೇಳಿತ್ತು. ಸರಳಾಳದು ಮೊದಲೇ ಮೆತ್ತನೆಯ ಮನಸ್ಸು. "ಒಳಗ್ ಬನ್ನಿ, ಕೂತ್ಕೊಳ್ಳಿ" ಎಂದುಬಿಟ್ಟಳು.

ಹೆಂಗಸು ತಂಗಿಯ ಹೊಸ ಬಾಡಿಗೆಮನೆ ಹುಡುಕಿಕೊಂಡು ಚಿಕ್ಕಬಳ್ಳಾಪುರದ ಕಡೆಯಿಂದ ಬಂದವಳಂತೆ. ಮನೆ ಸಿಗಲಿಲ್ಲವಂತೆ, ತಂಗಿಯ ಫೋನೂ ಸಿಗಲಿಲ್ಲವಂತೆ. ಪಾಪ ಎನಿಸಿತು. ಆದರೆ ಕಳಶದ ಲಕ್ಷ್ಮಿಯ ಕೊರಳಲ್ಲಿ ಅತ್ತೆಯ ಚಿನ್ನದ ಅವಲಕ್ಕಿ ಸರ ತೂಗುತ್ತಿತ್ತು. ಅದನ್ನು ಅತ್ತೆ ಮೊದಲ ಬಾರಿಗೆ ಇವಳ ಕೈಗೆ ಕೊಟ್ಟಿದ್ದರು. "ಸಂಜೆ ಆರತಿವರೆಗೂ ಜೋಪಾನ ಮಾಡಿದ್ರೆ ಸರ ನಿಂದೇ. ಇಲ್ಲಾಂದ್ರೆ ಪದ್ಮಶ್ರೀಗೆ" ಎಂಬ ಕರಾರು ಬೇರೆ. ಪದ್ಮಶ್ರೀ ಎಂದರೆ ಶೆಟ್ಟಿಹಳ್ಳಿಯ ಓರಗಿತ್ತಿ. ಆ ಸರದ ಮೇಲೆ ಅವಳೂ ಎಂಟು ವರ್ಷದಿಂದ ಕಣ್ಣಿಟ್ಟಿದ್ದಳು.

ಪಕ್ಕದ ಮನೆಯ ವನಿತಾ ಹೋಳಿಗೆ ಬೇಯಿಸಿಕೊಡುವ ನೆಪದಲ್ಲಿ ಅಡುಗೆಮನೆ ಸೇರಿದ್ದಳು. ಅವಳ ಕೈ ಹೆಂಚಿನ ಮೇಲಿದ್ದರೆ ಕಿವಿ ನಡುಮನೆಯಲ್ಲಿತ್ತು. ಹೆಂಗಸು ಕಾಲು ತೊಳೆಯಲು ಹಿತ್ತಲಿಗೆ ಹೋದದ್ದೇ ತಡ, ವನಿತಾ ಬಂದು ಸರಳಾಳ ರಟ್ಟೆ ಹಿಡಿದಳು.

"ಬುದ್ಧಿ ಇದೆಯೇನೇ ನಿಂಗೆ? ನೀರು ಕೇಳ್ಕೊಂಡೇ ಕಣೇ ಇವ್ರು ಬರೋದು! ಮೊದ್ಲು ಆ ಸರ ತೆಗ್ದಿಡು."

"ದೇವ್ರ ಮೈಮೇಲಿಂದ ತೆಗೀಬಾರ್ದಲ್ವೇ?"

"ದೇವ್ರು ತಡ್ಕೋತಾಳೆ. ನಿಮ್ಮತ್ತೆ ತಡ್ಕೊಳಲ್ಲ!"

ಅತ್ತೆ ಒಳಕೋಣೆಯಲ್ಲಿ ಅಡ್ಡಾಗಿದ್ದರು. ಸರಳಾ ಲಕ್ಷ್ಮಿಗೆ ತಪ್ಪಾಯಿತೆಂದು ಗಲ್ಲ ಬಡಿದುಕೊಂಡು ಸರ ಬಿಚ್ಚಿದಳು. ಬೋಳು ಕೊರಳಿಗೆ ಇನ್ನೊಂದು ಸೇವಂತಿಗೆ ಹಾರ ಹಾಕಿದಳು. ಅಡುಗೆಮನೆಯ ಕಟ್ಟೆಯ ಮೇಲೆ ಸಂಜೆ ಬರುವ ಮುತ್ತೈದೆಯರಿಗೆಂದು ತಾಂಬೂಲದ ಚೀಲಗಳನ್ನು ಸಾಲಾಗಿ ಜೋಡಿಸಿತ್ತು. ವನಿತಾ ಹಿತ್ತಲ ಬಾಗಿಲು ಕಾಯುತ್ತಿದ್ದಾಗ ಕಟ್ಟಕಡೆಯ ಚೀಲದ ರವಿಕೆ ಬಟ್ಟೆಯೊಳಗೆ ಸರ ಸುತ್ತಿಟ್ಟಳು. ಅಲ್ಲಿ ಯಾವ ಕಳ್ಳಿ ಹುಡುಕುತ್ತಾಳೆ?

ಹೆಂಗಸು ನೀರು ಕುಡಿದಳು, ಎರಡು ಹೋಳಿಗೆ ತಿಂದಳು, "ನಿಮ್ ಒಟ್ಟೆ ತಣ್ಣಗಿರ್ಲಿ ಕಣಕ್ಕ" ಎಂದಳು. ಒಳಕೋಣೆಯಿಂದ ವರಲಕ್ಷ್ಮಮ್ಮನ ದನಿ ಬಂತು: "ತಾಂಬೂಲ ಕೊಡ್ದೆ ಕಳಿಸ್ಬೇಡ ಕಣೇ!" ವನಿತಾ ಸಾಲಿನ ಮೊದಲ ಚೀಲವನ್ನೇ ಎತ್ತಿ ತಂದು ಸರಳಾಳ ಕೈಗಿಟ್ಟಳು. ಸರಳಾ ಕುಂಕುಮ ಹಚ್ಚಿ, ಚೀಲ ಕೊಟ್ಟು, ಗೇಟಿನವರೆಗೂ ಹೋಗಿ ಕಳಿಸಿ ಬಂದಳು.

ಹತ್ತು ನಿಮಿಷವಾಗಿತ್ತೋ ಇಲ್ಲವೋ, ಬೆಲ್ಲು ಬಡಿಯಿತು. ಕಿಟಕಿಯ ಸಂದಿಯಲ್ಲಿ ನೋಡಿದರೆ ಅದೇ ಹೆಂಗಸು!

"ನೋಡ್ದಾ? ಮೊದಲ್ನೇ ಸಲ ಮನೆ ನೋಡ್ಕೊಂಡು ಹೋಗ್ತಾರೆ, ಎರಡನೇ ಸಲ ಕೆಲಸ ಮುಗಿಸ್ತಾರೆ" ಎಂದು ವನಿತಾ ಬಾಗಿಲ ಕಡೆ ನಡೆದಳು. "ಇರು, ನಾನೇ ವಿಚಾರಿಸ್ತೀನಿ."

ಸರಳಾಳ ಎದೆ ಕುಕ್ಕರಿನ ವೆಯ್ಟಿನಂತೆ ಕುಣಿಯುತ್ತಿತ್ತು. "ವನಿತಾ! ಬಾಗ್ಲು ತೆಗೀಬೇಡ ವನಿತಾ!" ಎಂದು ಕೂಗಿ ತಾನೇ ಅಡ್ಡ ನಿಂತಳು. ಬೆಲ್ಲು ಇನ್ನೆರಡು ಸಲ ಬಡಿದು ಸುಮ್ಮನಾಯಿತು.

ಗಂಡಾಂತರ ಕಳೆಯಿತೆಂದು ಸರ ಮತ್ತೆ ಹಾಕಲು ಹೋದರೆ, ಕಟ್ಟಕಡೆಯ ಚೀಲದಲ್ಲಿ ರವಿಕೆ ಬಟ್ಟೆ ಇತ್ತು, ಸರ ಇರಲಿಲ್ಲ. ಅದರ ಪಕ್ಕದ್ದರಲ್ಲೂ ಇರಲಿಲ್ಲ. ಎಲ್ಲ ಚೀಲ ಸುರಿದರೂ ಅಡಿಕೆ ಉರುಳಿತೇ ವಿನಾ ಚಿನ್ನ ಉರುಳಲಿಲ್ಲ.

"ವನಿತಾ, ನೀನು ಯಾವ್ ಚೀಲ ಕೊಟ್ಟೆ?"

"ಮೊದಲ್ನೇದು."

"ಯಾವ ಕಡೆಯಿಂದ ಮೊದಲ್ನೇದು?"

ವನಿತಾ ಒಲೆಯ ಕಡೆಯಿಂದ ತೋರಿಸಿದಳು. ಸರಳಾ ಬಾಗಿಲ ಕಡೆಯಿಂದ ಎಣಿಸಿದ್ದಳು. ಒಬ್ಬಳ ಕೊನೆ ಇನ್ನೊಬ್ಬಳ ಮೊದಲಾಗಿತ್ತು.

ವನಿತಾಳ ಸ್ಕೂಟಿಯಲ್ಲಿ ಇಬ್ಬರೂ ಊರೆಲ್ಲ ಸುತ್ತಿ ಅಮ್ಮನ ಗುಡಿಯೆದುರಿನ ಬಸ್‌ ಸ್ಟಾಪಿಗೆ ಬಂದಾಗ ಹೆಂಗಸು ಅಲ್ಲೇ ಕೂತಿದ್ದಳು. ಸರಳಾ ಬಾಯಿ ಬಿಡುವ ಮೊದಲೇ ವನಿತಾ ಶುರುಮಾಡಿದಳು. "ಉಂಡ ಮನೆಗೇ ಕನ್ನ ಹಾಕ್ತೀಯಾ? ತೆಗಿ ಬ್ಯಾಗು!" ಬಸ್ಸಿಗೆ ಕಾದಿದ್ದ ಜನವೆಲ್ಲ ಸುತ್ತ ನಿಂತಿತು. ಹೆಂಗಸು ಬ್ಯಾಗು ಬಿಚ್ಚಿ ತೋರಿಸಿದಳು. ಒಂದು ಹಳೆಯ ಸೀರೆ, ತಂಗಿಗೆಂದು ತಂದ ಕೋಡುಬಳೆ, ತಾಂಬೂಲ. ಸರವಿಲ್ಲ.

"ಎಲೆ ಅಡ್ಕೆ ಆಕ್ಕೊಳಾಣ ಅಂತ ಚೀಲ ಬಿಚ್ಚಿದ್ರೆ ರವ್ಕೆ ಬಟ್ಟೇಲಿ ಚಿನ್ನ ಕಣಕ್ಕ!" ಎಂದಳು ಸರಳಾಳ ಕಡೆ ತಿರುಗಿ. "ವಾಪಸ್ ಕೊಡೋಕೆ ಓಡ್ ಬಂದೆ. ಮೂರ್ ಸಲ ಬೆಲ್ ಮಾಡುದ್ರೂ ನೀವು ಬಾಗ್ಲೇ ತೆಗೀನಿಲ್ಲ. ಜೊತೇಲಿ ಮಡಿಕ್ಕೊಂಡ್ರೆ ನನ್ನೇ ಕಳ್ಳಿ ಅಂತಾರೆ. ಅಬ್ಬದ್ ದಿನ ಅಮ್ಮನೇ ಕೇಳ್ತಾವ್ಳೆ ಅಂದ್ಕೊಂಡು ಗುಡೀಲಿ ಪೂಜಾರಪ್ಪನ ಕೈಗೆ ಕೊಟ್ಬಿಟ್ಟೆ."

ಸರಳಾಳಿಗೆ ನಾಚಿಕೆಯಿಂದ ಭೂಮಿ ಬಾಯಿಬಿಡಬಾರದೇ ಎನಿಸಿತು. ತಾನು ಹೋಳಿಗೆ ಇಕ್ಕಿದವಳನ್ನು ತಾನೇ ಬೀದಿಯಲ್ಲಿ ಕಳ್ಳಿ ಮಾಡಿದ್ದಳು. ತಪ್ಪಾಯಿತೆಂದು ಅಳುತ್ತ ಅವಳ ಕೈ ಹಿಡಿದುಕೊಂಡಳು.

"ಅಳ್ಬ್ಯಾಡಿ ಅಕ್ಕ. ಸರ ನಿಮ್ಗೆ ಸೇರ್ದಿದ್ರೂ ಪುಣ್ಯ ನಿಮ್ಗೇ ಸೇರ್ಲಿ ಅಂತ ನಿಮ್ ಎಸ್ರಲ್ಲೇ ಬರ್ಸಿವ್ನಿ. ಬಾಗ್ಲಿಂದೆ ನಿಮ್ ಎಸ್ರಿಡಿದು ಕೂಗ್ತಿದ್ದುದ್ದು ಕೇಳುಸ್ತಲ್ಲ."

ಅಷ್ಟರಲ್ಲಿ ಗುಡಿಯ ಮೈಕು ಕರಕರ ಎಂದಿತು. "ಅಮ್ಮನವರ ಕೊರಳಿಗೆ ಈಗ ತಾನೇ ಅವಲಕ್ಕಿ ಸರ ಏರಿದೆ. ದಾನ ಮಾಡಿರೋ ಪುಣ್ಯಾತ್ಗಿತ್ತಿ, ಶ್ರೀಮತಿ ವನಿತಾ ಅವರು! ತಾಯಿಯವರು ಎಲ್ಲಿದ್ರೂ ಮಂಗಳಾರತಿಗೆ ಬರ್ಬೇಕು!"

ಸುತ್ತ ನಿಂತವರು ವನಿತಾಳಿಗೆ ದಾರಿ ಬಿಟ್ಟು ಕೈಮುಗಿದರು. ಸರಳಾಳ ಫೋನು ಹೊಡೆದುಕೊಂಡಿತು, ಅತ್ತೆ. "ಎಲ್ಲೋದ್ಯೇ? ಪದ್ಮಶ್ರೀ ಬಂದವ್ಳೆ, ಸರ ಎಲ್ಲಿ ಅಂತ ಕೇಳ್ತಾವ್ಳೆ!"

ಫೋನು ಹಿಡಿದೇ ಸರಳಾ ವನಿತಾಳ ಸೆರಗು ಜಗ್ಗಿದಳು. "ವನಿತಾ, ಪೂಜಾರಪ್ಪಂಗೆ ನಿಜ ಹೇಳಿ ಇಸ್ಕೊಡೇ."

ವನಿತಾ ಸೆರಗು ಬಿಡಿಸಿಕೊಂಡು ಭುಜದ ತುಂಬ ಹೊದ್ದಳು. "ಛೀ, ದೇವ್ರಿಗೆ ಕೊಟ್ಟಿದ್ದನ್ನ ವಾಪಸ್ ಕೇಳ್ತಾರೇನೇ? ನಾನಂತೂ ಕೇಳಲ್ಲಪ್ಪ!" ಎಂದು ಗುಡಿಯ ಮೆಟ್ಟಿಲು ಹತ್ತಿದಳು.