ಸೀನಿಗೊಬ್ಬ ಸಾಕ್ಷಿ

ಎಲ್ಲಕ್ಕೂ ಮೂಲ ಒಂದು ಸೀನು. ಅವಳು ಅದನ್ನು ಸೀನಿದ್ದು ಮದುವೆಗೂ ಬಹಳ ಮೊದಲು, ಡ್ರೈವಿಂಗ್ ಲೈಸೆನ್ಸಿಗೆ ಫೋಟೋ ತೆಗೆಸಿಕೊಳ್ಳುವಾಗ. ಕ್ಯಾಮೆರಾ ಕ್ಲಿಕ್ ಎಂದದ್ದೂ ಮೂಗು ಅಕ್ಷೀ ಎಂದದ್ದೂ ಒಂದೇ ಗಳಿಗೆಯಲ್ಲಿ. ಕಣ್ಣು ಮುಚ್ಚಿ, ಮೂಗು ಮುದುಡಿ, ಬಾಯಿ ಬಾವಿಯಷ್ಟು ತೆರೆದ ಆ ಮುಖವೇ ಲೈಸೆನ್ಸಿನಲ್ಲಿ ಅಚ್ಚಾಗಿ ಕೂತಿತು. "ಹೋಗ್ಲಿ ಬಿಡು, ಲೈಸೆನ್ಸ್ ಫೋಟೋ ಯಾರು ನೋಡ್ತಾರೆ" ಎಂದು ನಕ್ಕು ಪರ್ಸಿಗೆ ಸೇರಿಸಿದ್ದಳು, ಪಾಪ.

ತವರಿನ ಬೀದಿಯಲ್ಲಿ ಅವಳನ್ನು ಎಲ್ಲರೂ ಚಿನಕುರಳಿ ಎನ್ನುತ್ತಿದ್ದರು. ನಾವೂ ಹಾಗೇ ಅನ್ನೋಣ. ಮನೆಮನೆಗೆ ಹೋಗಿ, ಹಾಸಿಗೆ ಹಿಡಿದವರ ಗಾಯಕ್ಕೆ ಪಟ್ಟಿ ಬದಲಿಸುವ ನರ್ಸು. ಹೆಗಲಿಗೊಂದು ಚೀಲ, ಕೈಗೊಂದು ಚೀಲ, ಈ ಬಸ್ಸಿಳಿದು ಆ ಬಸ್ಸು. ಸಂಜೆ ಮನೆಗೆ ಬರುವ ಹೊತ್ತಿಗೆ ಅವಳಿಗೇ ಒಬ್ಬ ನರ್ಸು ಬೇಕೆನಿಸುತ್ತಿತ್ತು. ಇತ್ತ ಗಂಡನ ಮನೆಯ ಷೆಡ್ಡಿನಲ್ಲಿ ಮಾವನ ನೀಲಿ ಕಾರು ಸುಮ್ಮನೆ ನಿಂತಿತ್ತು. ಮಾವನಿಗೆ ಕಣ್ಣಿನ ಆಪರೇಷನ್ ಆಗಿ, ಇನ್ನು ಸ್ಟೀರಿಂಗ್ ಮುಟ್ಟಕೂಡದೆಂದು ಡಾಕ್ಟರು ಹೇಳಿಬಿಟ್ಟಿದ್ದರು. ಗಂಡನಿಗೆ ಸೈಕಲ್ ಎಂದರೂ ಎದೆ ಡವಡವ. ಮಾವ ಮಾತ್ರ ದಿನಾ ಬೆಳಿಗ್ಗೆ ಹಳೇ ಬನಿಯನ್ ಹಿಡಿದು, ಎಳೆಮಗುವಿನ ಮೈ ಒರೆಸಿದಂತೆ ಕಾರು ಒರೆಸುತ್ತಿದ್ದರು.

ಕೀಯನ್ನು ಸೊಸೆಯ ಕೈಗೆ ಕೊಡಲು ಅವರನ್ನು ಒಪ್ಪಿಸುವಷ್ಟರಲ್ಲಿ ಮನೆಯವರೆಲ್ಲರ ಬಾಯಿ ಒಣಗಿತ್ತು.

"ಒಂದೇ ಮಾತು ಕೇಳ್ತೀನಮ್ಮಾ. ಇದುವರೆಗೂ ಎಲ್ಲಾದ್ರೂ ಗುದ್ದಿದೀಯಾ?"

"ಇಲ್ಲ ಮಾವ. ಒಂದು ಗೀರೂ ಇಲ್ಲ." ಹೀಗೆ ಹೇಳುವಾಗ ಚಿನಕುರಳಿಯ ದೃಷ್ಟಿ ತನ್ನ ಕಾಲಿನ ಹೆಬ್ಬೆರಳ ಮೇಲಿತ್ತು.

"ಹಾಗಾದ್ರೆ ಸರಿ. ಆದ್ರೆ ಲೈಸೆನ್ಸಲ್ಲೂ ಇನ್ಶೂರೆನ್ಸಲ್ಲೂ ನಮ್ಮನೆ ಹೆಸರು ಬರ್ಲಿ. ಆಮೇಲೇ ಕಾರು ಗೇಟು ದಾಟೋದು."

ಇನ್ಶೂರೆನ್ಸ್ ಅವತ್ತೇ ಮುಗಿಯುವುದಿತ್ತು. ಮಹಡಿ ಮನೆಯ ವಿಮೆ ಅಂಕಲ್ ಕರೆಯದಿದ್ದರೂ ಬರುವವರು, ಬಂದರೆ ಹೋಗದವರು. ಕಂಕುಳಿಗೆ ಫೈಲು ಸಿಕ್ಕಿಸಿಕೊಂಡು ಅವಳ ಜೊತೆ ಹೊರಟೇಬಿಟ್ಟರು. "ಹೊಸ ಹೆಸರಿನ ಲೈಸೆನ್ಸ್ ಕೈಗೆ ಬರ್ಲಿ, ನಿಂತಲ್ಲೇ ಪಾಲಿಸಿಗೆ ನಿನ್ನನ್ನ ಸೇರಿಸಿಬಿಡ್ತೀನಿ. ಸಂಜೆ ನನ್ನ ಒಂದು ರೌಂಡ್ ಕರ್ಕೊಂಡು ಹೋಗ್ಬೇಕು, ಅಷ್ಟೇ!"

ಲೈಸೆನ್ಸ್ ಕಚೇರಿಯ ಗುಮಾಸ್ತರು ಮದುವೆ ಸರ್ಟಿಫಿಕೇಟ್ ನೋಡಿ ತಲೆಯಾಡಿಸಿದರು. ಹಳೇ ಲೈಸೆನ್ಸ್ ನೋಡಿದ್ದೇ ಆಡುತ್ತಿದ್ದ ತಲೆ ನಿಂತಿತು. ಅದನ್ನು ದೂರ ಹಿಡಿದು ನೋಡಿದರು, ಓರೆ ಹಿಡಿದು ನೋಡಿದರು, ಪಕ್ಕದ ಕೌಂಟರಿನವರಿಗೂ ತೋರಿಸಿದರು.

"ಯಾರಿದು?"

"ನಾನೇ ಸಾರ್. ಸೀನಿಬಿಟ್ಟೆ."

"ನೋಡಿ ಮೇಡಂ, ಸರ್ಟಿಫಿಕೇಟ್ ಪ್ರಕಾರ ಮದುವೆ ಆಗಿರೋದು ಈ ಹಳೇ ಹೆಸರಿನವರಿಗೆ. ಹಳೇ ಹೆಸರಿನವರ ಮುಖ ಇದು. ನಿಮ್ಮ ಮುಖ ಬೇರೆ. ನಾಳೆ ಇವರು ಬಂದು, ನನ್ನ ಲೈಸೆನ್ಸನ್ನ ಯಾರೋ ಹೊಡ್ಕೊಂಡು ಹೋದ್ರು ಅಂದ್ರೆ ನಾನೇನ್ಮಾಡ್ಲಿ?"

"ಇವರು ನಾಳೆ ಬರಲ್ಲ ಸಾರ್, ಇವತ್ತೇ ಬಂದಿದಾರೆ!"

ಗುಮಾಸ್ತರು ಕೆಟ್ಟವರಲ್ಲ. ನಿಯಮ ಮುರಿದರೆ ಗಂಟಲಲ್ಲಿ ಅನ್ನ ಇಳಿಯದವರು, ಅಷ್ಟೇ. ಹಳೇ ಹೆಸರಿನಿಂದ ಅವಳನ್ನು ಬಲ್ಲವರು, ನೆಂಟರಲ್ಲದವರು, ಒಬ್ಬರೇ ಒಬ್ಬರು ಬಂದು ಫೋಟೋದಲ್ಲಿರುವುದು ಇವಳೇ ಎಂದರೆ ಸಾಕು, ಕಾರ್ಡು ಇವತ್ತೇ ಎಂದರು. ಆದರೆ ಕೌಂಟರ್ ಮುಚ್ಚುವುದರೊಳಗೆ.

"ನಾನಿದೀನಲ್ಲ!" ವಿಮೆ ಅಂಕಲ್ ಎದೆ ಮುಂದೆ ಮಾಡಿದರು.

"ಇವರ ಹಳೇ ಹೆಸರೇನು?"

"ಹಳೇದಿರ್ಲಿ ಸ್ವಾಮಿ, ಹೊಸದನ್ನೂ ಫೈಲ್ ನೋಡೇ ಹೇಳ್ಬೇಕು. ನಾವೆಲ್ಲ ನೀಲಿ ಕಾರಿನೋರ ಸೊಸೆ ಅಂತೀವಿ."

ಚಿನಕುರಳಿ ತವರಿಗೆ ಫೋನ್ ಹಚ್ಚಿದಳು. ಅಮ್ಮ ಪಕ್ಕದ ಮನೆಯ ಟೈಲರಮ್ಮನನ್ನು ಕಳಿಸಿದರು. ಹೊಲಿಗೆ ಬಿಟ್ಟು ಎದ್ದುಬಂದ ಟೈಲರಮ್ಮ ಕೊರಳಲ್ಲಿ ಟೇಪು ನೇತಾಡಿಸಿಕೊಂಡೇ ಕೌಂಟರಿಗೆ ಬಂದು ನಿಂತರು.

"ಇವರ ಪೂರ್ತಿ ಹೆಸರು ಹೇಳಿಮ್ಮಾ."

"ಚಿನಕುರಳಿ!"

"ಅದಲ್ಲ, ನಿಜವಾದ ಹೆಸರು."

"ಅಯ್ಯೋ, ಅಳತೆ ಬುಕ್ಕಲ್ಲೂ ಹಾಗೇ ಬರ್ಕೊಂಡಿದೀನಪ್ಪ. ಲಂಗದ ಕಾಲದಿಂದ ನೋಡಿರೋ ಹುಡುಗಿ. ಬೇಕಿದ್ರೆ ತೋಳಿನ ಅಳತೆ ಕೇಳು, ನಿದ್ದೆಗಣ್ಣಲ್ಲೂ ಹೇಳ್ತೀನಿ." ಆಮೇಲೆ ಲೈಸೆನ್ಸಿನತ್ತ ಬಗ್ಗಿ ನೋಡಿ ಬೆಚ್ಚಿದರು. "ಇದ್ಯಾರೇ ಇದು? ಇವರಿಗೇನಾಗಿತ್ತೇ ಪಾಪ?"

ಟೈಲರಮ್ಮ ಬೆಂಚಿಗೆ ಹೋಗಿ, ಬಂದ ತಪ್ಪಿಗೆ ವಿಮೆ ಅಂಕಲ್ ಹತ್ತಿರ ಪಾಲಿಸಿಯ ಲಾಭಗಳನ್ನು ಕೇಳುತ್ತ ಕೂತರು. ಅಷ್ಟರಲ್ಲಿ ಮಾವನ ಫೋನು.

"ಅಂಕಲ್ ಎಲ್ಲ ಹೇಳಿದ್ರಮ್ಮ. ನೀನು ಅಲ್ಲೇ ಇರು. ನಿನ್ನ ತವರು ಬೀದಿಗೆ ನಾನೇ ಟ್ಯಾಕ್ಸಿ ಮಾಡ್ಕೊಂಡು ಹೋಗಿ ವಿಚಾರಿಸ್ತೀನಿ."

"ಬೇಡ ಮಾವ! ನಿಮ್ಮ ಕಣ್ಣು..."

"ಆಪರೇಷನ್ ಆಗಿರೋದು ಕಣ್ಣಿಗೆ ಕಣಮ್ಮ, ಬಾಯಿಗಲ್ಲ." ಫೋನ್ ಕಟ್ಟಾಯಿತು.

ತವರು ಬೀದಿ ಎಂದೊಡನೆ ಚಿನಕುರಳಿಗೆ ಅಲ್ಲಿಯ ಒಂದು ಬಾಗಿಲು ನೆನಪಾಯಿತು. ಆದರೆ ಅಷ್ಟೊಂದು ಮನೆಗಳ ಬೀದಿಯಲ್ಲಿ ಮಾವ ಹೋಗಿ ಹೋಗಿ ಆ ಬಾಗಿಲನ್ನೇ ಏಕೆ ತಟ್ಟುತ್ತಾರೆ ಎಂದು ಸಮಾಧಾನ ಮಾಡಿಕೊಂಡಳು. ಇದೊಂದು ಆಗಿಬಿಟ್ಟರೆ ನಾಳೆಯಿಂದ ಚೀಲಗಳು ಹಿಂದಿನ ಸೀಟಿನಲ್ಲಿ ಕೂರುತ್ತವೆ, ತಾನು ಮುಂದಿನ ಸೀಟಿನಲ್ಲಿ. ಬಸ್ಸಿನಲ್ಲಿ ಯಾರ ಮೊಣಕೈಯೂ ಪಕ್ಕೆಗೆ ತಿವಿಯುವುದಿಲ್ಲ. ನೆನೆದೇ ಅವಳ ಕಣ್ಣು ತುಂಬಿ ಬಂತು.

ಗುಮಾಸ್ತರು ಕೌಂಟರಿನ ಪರದೆ ಅರ್ಧ ಎಳೆದಿದ್ದಾಗ ಕಪ್ಪು ಕನ್ನಡಕದ ಮಾವ ಗೆದ್ದ ದಂಡನಾಯಕನಂತೆ ಒಳಗೆ ಬಂದರು.

"ಸಿಕ್ಕಿದ್ರು ಕಣಮ್ಮ! ಬೀದೀಲಿ ಒಬ್ಬರಿಗೂ ಹೆಸರು ಗೊತ್ತಿಲ್ಲ. ಇವರು ಮಾತ್ರ, ನಾನು ಹೆಸರು ಹೇಳಿದ್ದೇ ತಡ, ಇನಿಷಿಯಲ್ ಸೇರಿಸಿ ತಿರುಗಿ ಹೇಳಿದ್ರು. ಅಂಗಡಿ ಬಾಗಿಲು ಹಾಕ್ಕೊಂಡೇ ಬಂದಿದಾರೆ. ದೇವರಂಥ ಮನುಷ್ಯ!"

ಮಾವನ ಹಿಂದಿನಿಂದ, ಮೊಣಕೈವರೆಗೆ ಮೈದಾ ಮೆತ್ತಿಕೊಂಡಿದ್ದ ಬೇಕರಿಯವರು ಇಣುಕಿದರು. ಚಿನಕುರಳಿಯ ಮುಖ ಆ ಮೈದಾಕ್ಕಿಂತ ಬಿಳುಪಾಯಿತು. ದಾರಿಯುದ್ದಕ್ಕೂ ಮಾವ ತಮ್ಮ ಕಾರಿನ ಗುಣಗಾನ ಮಾಡಿದ್ದರಿಂದ ಬೇಕರಿಯವರಿಗೆ ಬಾಯಿ ತೆರೆಯಲು ಸಂದು ಸಿಕ್ಕಿರಲಿಲ್ಲ. ಈಗ ಸಿಕ್ಕಿತು.

ಗುಮಾಸ್ತರು ಹಳೇ ಲೈಸೆನ್ಸನ್ನು ಅವರ ಮುಂದೆ ಹಿಡಿದರು. "ಇವರು ಗೊತ್ತಾ?"

ಬೇಕರಿಯವರು ಫೋಟೋ ನೋಡಿದರು. ನೋಡಿದವರೇ ಒಂದು ಹೆಜ್ಜೆ ಹಿಂದಕ್ಕೆ ಜಿಗಿದರು.

"ಇವಳೇ! ಇದೇ ಮುಖ ಸಾರ್! ಗಾಜಿನ ಹಿಂದೆ ನಾನು ನೋಡಿದ್ದು ಇದೇ ಮುಖ!"

"ಯಾವ ಗಾಜು?" ಎಂದರು ಮಾವ.

"ಕಾರಿನ ಗಾಜು ಸ್ವಾಮಿ. ನಾವು ಅಂಗಡಿ ಮುಂದೆ ಮೈದಾ ಚೀಲ ಕೊಡವ್ತಾ ಇದ್ವಿ. ಇವಳು ಅವರಪ್ಪನ ಕಾರಲ್ಲಿ ಬಂದ್ಲು. ಪುಡಿ ಮೂಗಿಗೆ ಹೋಯ್ತು. ಅಕ್ಷೀ ಅಂದ್ಲು, ಬ್ರೇಕ್ ಬಿಟ್ಟು ಇನ್ನೊಂದನ್ನ ಒತ್ತಿದ್ಲು. ಗಾಜಿನ ಬೀರು, ಮೂರಂತಸ್ತಿನ ಕೇಕು, ನನ್ನ ಕಾಲು, ಎಲ್ಲಾ ಚಕ್ರದಡಿಗೆ! ಅವರಪ್ಪ ಒಳ್ಳೇವ್ರು, ಇವಳ ಪೂರ್ತಿ ಹೆಸರಲ್ಲಿ ರಸೀತಿ ಬರೆಸ್ಕೊಂಡು ನಷ್ಟ ಕಟ್ಟಿಕೊಟ್ರು, ಮಾತು ಅಲ್ಲೇ ಮುಗೀತು. ಇವಳೂ ಒಳ್ಳೇ ಹುಡುಗಿ ಸಾರ್. ಕಾಲು ವಾಸಿ ಆಗೋವರೆಗೂ ದಿನಾ ಬಂದು ಪಟ್ಟಿ ಕಟ್ಟಿದ್ಲು. ಆದ್ರೆ ಈ ಮುಖ? ಸತ್ರೂ ಮರೆಯೋಕಾಗಲ್ಲ!"

"ನನ್ನ ಸರ್ವೀಸಲ್ಲೇ ಇಷ್ಟು ಗಟ್ಟಿ ಸಾಕ್ಷಿ ನೋಡಿಲ್ಲ" ಎಂದು ಗುಮಾಸ್ತರು ಧಡ್ ಎಂದು ಮುದ್ರೆ ಒತ್ತಿದರು. ಇತ್ತ ವಿಮೆ ಅಂಕಲ್ ಮೆಲ್ಲಗೆ ಪೆನ್ನು ತೆಗೆದು, ಹಿಂದಿನ ಅಪಘಾತಗಳು ಎಂಬಲ್ಲಿ ತಾವೇ ಬರೆದಿದ್ದ 'ಇಲ್ಲ' ಎಂಬುದನ್ನು ಹೊಡೆದುಹಾಕಿದರು. ಸಂಜೆಯ ರೌಂಡು ತಮಗೆ ಬೇಡವೆಂದೂ ಸೇರಿಸಿದರು.

"ಒಂದು ಗೀರೂ ಇಲ್ಲ ಅಂದಿದ್ಯಲ್ಲಮ್ಮಾ?" ಮಾವನ ದನಿಯಲ್ಲಿ ಸಿಟ್ಟಿರಲಿಲ್ಲ, ನೋವಿತ್ತು.

"ಗೀರು ಬೀಳೋಕೆ ಏನೂ ಉಳಿದಿರ್ಲಿಲ್ಲ ಮಾವ" ಎಂದಳು ಚಿನಕುರಳಿ, ನೆಲ ನೋಡುತ್ತ. "ಹೇಳಿದ್ರೆ ಕೀ ಕೊಡಲ್ವೇನೋ ಅಂತ..."

ಮಾವ ಅಂಗಿ ಜೇಬಿನಲ್ಲಿದ್ದ ಕೀಯನ್ನು ತೆಗೆದು, ಪ್ಯಾಂಟಿನ ಒಳಜೇಬಿಗೆ ಇಳಿಸಿ, ಮೇಲಿಂದ ಎರಡು ಸಲ ತಟ್ಟಿ ನೋಡಿಕೊಂಡರು.

"ಬನ್ನಿ ಮೇಡಂ, ಹೊಸ ಫೋಟೋ ತೆಗೆಯೋಣ. ಮತ್ತೆ ಸಾಕ್ಷಿ ಹುಡುಕೋ ಕಷ್ಟ ಬೇಡ" ಎಂದರು ಗುಮಾಸ್ತರು ಕನಿಕರದಿಂದ.

ಹೋದ ಕಾರಂತೂ ಹೋಯಿತು, ಮುಖವಾದರೂ ನೆಟ್ಟಗೆ ಬರಲಿ ಎಂದು ಚಿನಕುರಳಿ ಕಣ್ಣೊರೆಸಿಕೊಂಡು, ಕೂದಲು ಸರಿಪಡಿಸಿ, ಕ್ಯಾಮೆರಾದ ಮುಂದೆ ಕೂತಳು. ಅವಳ ಸಪ್ಪೆ ಮೋರೆ ನೋಡಿ ಬೇಕರಿಯವರಿಗೆ ಕರುಳು ಚುರ್ ಎಂದಿತು. ಹತ್ತಿರ ಬಂದು, "ನಗಮ್ಮಾ, ನಗು!" ಎಂದು ಮಗುವನ್ನು ನಗಿಸುವಂತೆ ಅವಳ ಮೂಗಿನ ಮುಂದೆ ಎರಡೂ ಕೈ ಸೇರಿಸಿ ಜೋರಾಗಿ ಚಪ್ಪಾಳೆ ತಟ್ಟಿದರು.

ಬಿಳೀ ಮೋಡವೊಂದು ಎದ್ದಿತು. ಕ್ಯಾಮೆರಾ ಕ್ಲಿಕ್ ಎಂದಿತು.

ಯಂತ್ರದಿಂದ ಬಿಸಿಬಿಸಿಯಾಗಿ ಹೊರಬಿದ್ದ ಕಾರ್ಡನ್ನು ಮಾವ ಕಪ್ಪು ಕನ್ನಡಕ ಮೇಲೆತ್ತಿ, ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು. ಆಮೇಲೆ ಅದನ್ನು ಸೊಸೆಯ ಕೈಗಿತ್ತು, ಬಸ್ ಸ್ಟಾಪಿನ ಕಡೆ ತಿರುಗಿ ಹೇಳಿದರು:

"ಹೆಸರೇನೋ ನಮ್ಮನೇದೇ ಬಂದಿದೆ ಕಣಮ್ಮ. ಆದ್ರೆ ಮುಖ ಇನ್ನೂ ಬೇಕರಿ ಒಳಗೇ ಇದೆ."