ಹೆಣ್ಣೊಪ್ಪಿಸುವ ಹೊತ್ತಿಗೆ ಎ ಮೈನರ್ ಸೆವೆಂತ್

ಮಾನ್ಯ ಎ ಮೈನರ್ ಸೆವೆಂತ್ ಅವರೇ,

ಮಳವಳ್ಳಿಯ ಕೀಬೋರ್ಡ್ ಮಹದೇವು ಮಾಡುವ ಸಾಷ್ಟಾಂಗ ನಮಸ್ಕಾರಗಳು. ತಮ್ಮ ಮನೆಯ ಎ, ಸಿ, ಇ, ಜಿ ಎಂಬ ನಾಲ್ಕೂ ಸ್ವರಗಳು ಕ್ಷೇಮವೆಂದು ನಂಬಿ, ನನ್ನ ಮಾನ ಮಾತ್ರ ಕ್ಷೇಮವಾಗಿಲ್ಲವೆಂದು ತಿಳಿಸಲು ಈ ಪತ್ರ ಬರೆಯುತ್ತಿದ್ದೇನೆ.

ಇಪ್ಪತ್ತೆರಡು ವರ್ಷಗಳಿಂದ ಮದುವೆ ಆರ್ಕೆಸ್ಟ್ರಾಗಳಲ್ಲಿ ನಾನು ಮೂರೇ ಬೆರಳಲ್ಲಿ ಬದುಕಿದವನು. ಎ, ಸಿ, ಇ ಒಟ್ಟಿಗೆ ಒತ್ತಿದರೆ ಎ ಮೈನರ್ ಎಂಬ ಸ್ವರಮೇಳ, ಜನ ಅಳುತ್ತಾರೆ. ಸಿ, ಇ, ಜಿ ಒತ್ತಿದರೆ ಸಿ ಮೇಜರ್, ಜನ ನಗುನಗುತ್ತಾ ಊಟಕ್ಕೆ ಏಳುತ್ತಾರೆ. ಹೆಣ್ಣೊಪ್ಪಿಸುವ ಶಾಸ್ತ್ರದಲ್ಲಿ ಮದುಮಗಳ ಕೈಯನ್ನು ಹಾಲಿನ ತಟ್ಟೆಗೆ ಅದ್ದಿ ಅತ್ತೆಯ ಕೈಗೆ ಕೊಡುವಾಗ, ನನ್ನ ಎ ಮೈನರ್ ಕೇಳಿ ವಿಡಿಯೊದವನೂ ಕಣ್ಣೊರೆಸಿಕೊಂಡದ್ದುಂಟು.

ಹೀಗಿರಲು ತಾವು ನನ್ನ ಮಗಳು ಶೋಭಿತಾಳ ಫೋನಿನೊಳಗಿನ ಪಾಠವೊಂದರಿಂದ ನಮ್ಮ ಮನೆಗೆ ದಯಮಾಡಿಸಿದಿರಿ. “ಕಿರುಬೆಳ್ಳು ಸುಮ್ಕೆ ಯಾಕ್ ಕುಂತದೆ ಅಪ್ಪ, ಅದ್ನ ಜಿ ಮ್ಯಾಲೆ ಮಡಗು” ಎಂದಳು. ಮಡಗಿದೆ, ತಾವು ಮೊಳಗಿದಿರಿ. ಅಳು ಎಂದುಕೊಂಡರೆ ಒಳಗೆ ಸಿ ಮೇಜರ್ ಪೂರ್ತಿ ಸಂಸಾರ ಹೂಡಿದೆ. ನಗು ಎಂದುಕೊಂಡರೆ ಬುಡದಲ್ಲಿ ಎ ಮುಖ ಊದಿಸಿಕೊಂಡು ಕೂತಿದೆ. ಎರಡೂ ಪಕ್ಷದ ಶಾಲನ್ನು ಒಂದೇ ಹೆಗಲಿಗೆ ಹಾಕಿಕೊಂಡು ತಿರುಗುವ ಮುಖಂಡರೂ ತಮ್ಮ ಬಳಿ ಬಂದು ಪಾಠ ಹೇಳಿಸಿಕೊಳ್ಳಬೇಕು. ಒಂದು ತಿಂಗಳು ತಮ್ಮನ್ನು ಒತ್ತಿ ಒತ್ತಿ ನೋಡಿದರೂ ತಾವು ಯಾರ ಕಡೆಯವರೆಂಬುದು ನನಗೆ ಅರ್ಥವಾಗಲಿಲ್ಲ.

ಅಷ್ಟರಲ್ಲಿ ಶೋಭಿತಾಳ ಮದುವೆಯೇ ಬಂತು. ಗಂಡು ಹನಕೆರೆಯವನು, ಛತ್ರ ಮದ್ದೂರಿನದು. ಮಗಳ ಕೈ ಹಿಡಿದು ಇನ್ನೊಬ್ಬರಿಗೆ ಒಪ್ಪಿಸುವ ಧೈರ್ಯ ನನಗಿರಲಿಲ್ಲ. ಕೀಬೋರ್ಡ್ ಬಿಟ್ಟು ಏಳಲಾಗದೆಂದು ಸುಳ್ಳು ಹೇಳಿ, ಆ ಕೆಲಸವನ್ನು ಅಣ್ಣ ಶಿವಣ್ಣನ ತಲೆಗೆ ಕಟ್ಟಿದೆ. ಎ ಮೈನರ್ ಒತ್ತಿದರೆ ಛತ್ರವೆಲ್ಲ ಗೊಳೋ ಎನ್ನುತ್ತದೆ, ಆ ಗದ್ದಲದಲ್ಲಿ ನಾನೂ ಒಂದಿಷ್ಟು ಅತ್ತರೆ ಯಾರಿಗೂ ತಿಳಿಯದು ಎಂಬುದು ನನ್ನ ಉಪಾಯ. ಶೋಭಿತಾ ತಟ್ಟೆಗೆ ಕೈ ಅದ್ದಿ ನನ್ನ ಕಡೆ ತಿರುಗಿ ನೋಡಿದಳು. ನನ್ನ ಕಿರುಬೆರಳು ತಾನಾಗಿಯೇ ಹೋಗಿ ಜಿ ಮೇಲೆ ಕೂತಿತು.

ಅಳಲೆಂದು ಬಾಯಿ ತೆರೆದಿದ್ದ ಹೆಂಗಸರೆಲ್ಲ ತೆರೆದ ಬಾಯಲ್ಲೇ ನಿಂತರು. ಆ ನಿಶ್ಶಬ್ದದಲ್ಲಿ ನನ್ನೊಬ್ಬನ ಬಿಕ್ಕು, ಆಫ್ ಮಾಡಲು ಮರೆತಿದ್ದ ಮೈಕಿನಲ್ಲಿ ಹಾದು, ಊಟದ ಮನೆಯವರೆಗೂ ಮೊಳಗಿತು. ಸೋದರತ್ತೆ ಚಲುವಮ್ಮ, “ಅದೇನ್ಲಾ ಮಾದೇವ, ಅಳಕ್ಕೂ ಬುಡ್ದೆ ನಗಕ್ಕೂ ಬುಡ್ದೆ ಸತಾಯಿಸ್ತಿದ್ದೀಯ? ಎದ್ ಬಂದು ಮಗ್ಳ ಕೈ ಹಿಡ್ಕೊ ಬಾ!” ಎಂದು ಗದರಿದರು. ಎದ್ದು ಹೋಗಿ ಹಿಡಿದುಕೊಂಡೆ. ಆಗ ಶೋಭಿತಾ ಅಳುತ್ತಿದ್ದಳೋ ನಗುತ್ತಿದ್ದಳೋ, ಇವತ್ತಿಗೂ ನನಗೆ ಗೊತ್ತಿಲ್ಲ.

ಆದ್ದರಿಂದ ತಾವು ಅಳುವೋ ನಗುವೋ ಎಂಬುದನ್ನು ಛಾಪಾ ಕಾಗದದ ಮೇಲೆ ಬರೆದು, ಇಬ್ಬರು ಸಾಕ್ಷಿಗಳ ಸಹಿಯೊಡನೆ ಏಳು ದಿನದೊಳಗೆ ಖುದ್ದಾಗಿ ಮಳವಳ್ಳಿಗೆ ತಂದುಕೊಡಬೇಕು; ಆಗದಿದ್ದರೆ ಜಿ ಸ್ವರಕ್ಕೆ ಬೇರೆ ಮನೆ ಮಾಡಿ ಕಳಿಸಬೇಕು; ಅದೂ ಆಗದಿದ್ದರೆ ಅಂದು ಛತ್ರದಲ್ಲಿದ್ದ ಆರುನೂರು ಜನರ ಕಿವಿಯಿಂದ ನನ್ನ ಬಿಕ್ಕನ್ನು ವಾಪಸು ತೆಗೆಸಿಕೊಡಬೇಕೆಂದು ಕೈಮುಗಿದು ಕೋರುತ್ತೇನೆ.

ನಂಬಿ ಕೆಟ್ಟರೂ ತಮ್ಮ ವಿಶ್ವಾಸಿ,
ಕೀಬೋರ್ಡ್ ಮಹದೇವು, ಮಳವಳ್ಳಿ

ತಾ.ಕ.: ಬರುವ ತಿಂಗಳು ಅಣ್ಣ ಶಿವಣ್ಣನ ಮಗಳು ನಾಗಶ್ರೀಯ ಮದುವೆ. ಇಷ್ಟು ವರ್ಷ ಸಂಗೀತವೆಂದರೆ ಮೂಗು ಮುರಿಯುತ್ತಿದ್ದ ಅಣ್ಣ, ಈಗ ದಿನಾ ಬಂದು ಕೀಬೋರ್ಡ್ ಕಲಿಸೆಂದು ಪ್ರಾಣ ತಿನ್ನುತ್ತಿದ್ದಾನೆ. ಯಾಕೆಂದು ನಾನು ಕೇಳಲಿಲ್ಲ. ಮೊದಲ ದಿನವೇ ನಾಲ್ಕೂ ಬೆರಳು ಹೇಳಿಕೊಟ್ಟಿದ್ದೇನೆ. ತಾವು ಮುಹೂರ್ತಕ್ಕೆ ತಪ್ಪದೆ ದಯಮಾಡಿಸಿ.